ಕಾಫಿಗೆ ಗಾಳಿ ಬೇಕು

ಅವತ್ತು ಬೆಳಿಗ್ಗೆ ಮಂಜು ಬೇಗ ಬಿಟ್ಟಿತ್ತು. ಸಂಕ್ರಾಂತಿ ಕಳೆದು, ರೊಬಸ್ಟಾ ಕೊಯ್ಲು ಅರ್ಧಕ್ಕೆ ಬಂದಿದ್ದ ಕಾಲ. ನಾನೂ ಗಿರಿಜಕ್ಕನೂ ಕಣದ ಮೇಲಿನ ಟಾರ್ಪಾಲು ಎಳೆದು ಮಡಚಿ, ರಾಶಿ ಹಾಕಿದ್ದ ಕಾಫಿ ಹಣ್ಣನ್ನು ಮರದ ಹಲಗೆಯಿಂದ ಬಿಸಿಲಿಗೆ ಹರಡುತ್ತಿದ್ದೆವು. ಗಿರಿಜಕ್ಕ ನನ್ನ ವಾರಗಿತ್ತಿ, ಭಾವನ ಹೆಂಡತಿ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವಳಿಗೆ ‘ನೀವು’ ಎನ್ನುತ್ತಿದ್ದೆ. “ಒಂದೇ ಒಲೆ ಮುಂದೆ ಹೊಗೆ ಕುಡಿಯೋರು ನಾವು, ನೀವು ಗೀವು ಅಂದ್ರೆ ಹೊಡಿತೀನಿ” ಎಂದು ಅವಳೇ ಅದನ್ನು ಬಿಡಿಸಿದ್ದಳು.

ಅವಳಿಗೆ ದಮ್ಮು. ಚಿಕ್ಕಂದಿನಿಂದಲೂ ಇತ್ತಂತೆ. ಉಸಿರಿಗೆ ಎಳೆದುಕೊಳ್ಳುವ ಪಂಪು ಯಾವಾಗಲೂ ಸೊಂಟದಲ್ಲಿ ಸಿಕ್ಕಿಸಿರುತ್ತಿತ್ತು. ಕಣದ ಧೂಳಿಗೆ ಎದೆ ಬಿಗಿದರೆ ಸ್ವಲ್ಪ ನಿಂತು, ಎಳೆದುಕೊಂಡು, ಮತ್ತೆ ಹಲಗೆ ಹಿಡಿಯುತ್ತಿದ್ದಳು. ಅವತ್ತೂ ಹಾಗೆ ನಿಂತಳು.

“ನಿಮ್ ಭಾವ ಗಿಡಕ್ಕೆ ಔಷಧಿ ಹೊಡೀತಾರೆ, ನಾನು ಎದೆಗೆ ಹೊಡ್ಕೊತೀನಿ” ಎಂದಳು. “ಗಿಡಕ್ಕಾದ್ರೆ ಸಬ್ಸಿಡಿ ಐತೆ ಕಣೆ. ನಂಗೆ ಅದೂ ಇಲ್ಲ.”

ಕಣದ ಅಂಚಿನಲ್ಲಿ ಕೋಳಿ ಅಟ್ಟುತ್ತಾ ಕೂತಿದ್ದ ಅತ್ತೆಗೂ ನಗು ಬಂತು. ಮಧ್ಯಾಹ್ನದ ಮೇಲೆ ಶಾಲೆಯ ವ್ಯಾನು ಬಂತು. ನನ್ನ ಮಗಳು ಚಿನ್ನಿ ಚೀಲ ಎಸೆದು ಅಜ್ಜಿಯ ಮಡಿಲಿಗೆ ಬಿದ್ದಳು. ಮೂಗು ಸೋರುತ್ತಿತ್ತು. ಅತ್ತೆ ಸೆರಗಿನಿಂದ ಅದನ್ನು ಒರೆಸಿ, ಅದೇ ಸೆರಗಿನಿಂದ ತಮ್ಮ ಮುಖದ ಬೆವರನ್ನೂ ಒರೆಸಿಕೊಂಡರು.

“ವ್ಯಾನಲ್ಲಿ ಎಲ್ರೂ ಕೆಮ್ತಾರೆ ಅಜ್ಜಿ” ಎಂದಳು ಚಿನ್ನಿ.

“ಥಂಡಿ ಅಲ್ವೇನೆ. ಟೋಪಿ ಹಾಕ್ಕೊಂಡು ಹೋಗು ಅಂದ್ರೆ ಕೇಳಲ್ಲ.”

ನಮ್ಮ ಮನೆಯ ಕೊನೆಯ ಸಾಧಾರಣ ದಿನ ಅದು.

ಮೊನ್ನೆ ದೊಡ್ಡ ಕೋಣೆ ಗುಡಿಸುವಾಗ ಗೋಡೆಯ ಬುಡದಲ್ಲಿ ಸಿಕ್ಕಿಕೊಂಡಿದ್ದ ಒಂದಿಷ್ಟು ಒಣ ಚೆರ್ರಿ ಸಿಕ್ಕಿತು. ಸಿಪ್ಪೆ ಸಮೇತ ಒಣಗಿಸಿದ ಕಾಫಿಗೆ ಒಂದು ಹುಳಿ ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದ ಕೂಡಲೇ ಹೋದ ವರ್ಷದ ಸಿಟ್ಟೆಲ್ಲ ಹಾಗೆಯೇ ಎದ್ದು ಬಂತು. ಅಳು ಬಂದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಬಂದಿದ್ದು ಸಿಟ್ಟು. ಅದಕ್ಕೇ ಬರೆಯುತ್ತಿದ್ದೇನೆ.

ಆ ದೊಡ್ಡ ಕೋಣೆ ಭಾವ ಮತ್ತು ಗಿರಿಜಕ್ಕನದು. ಮಾವ ಮನೆ ಕಟ್ಟಿಸುವಾಗ ಎದುರುಬದುರಾಗಿ ಎರಡು ದೊಡ್ಡ ಕಿಟಕಿ ಇಡಿಸಿದ್ದರು. ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆಯಿಂದ ಹೋಗುತ್ತದೆ. ಹೋದ ವರ್ಷ ಕಾಫಿಗೆ ಒಳ್ಳೆಯ ರೇಟು ಇತ್ತು. ರೇಟು ಬಂದ ವರ್ಷ ಕಳ್ಳರೂ ಬರುತ್ತಾರೆ. ಹಾನುಬಾಳಿನ ಆಚೆ ಯಾರದೋ ಕಣದಿಂದ ಮೂಟೆಗಳೇ ಕಾಣೆಯಾದವು ಎಂದು ಸುದ್ದಿಯಾದ ಮೇಲೆ ಭಾವನೂ ನನ್ನ ಗಂಡನೂ ಒಣಗಿದ ಕಾಫಿಯನ್ನೆಲ್ಲ ಮನೆಯೊಳಗೆ ತಂದರು. ತಂದಿಟ್ಟಿದ್ದು ಗಿರಿಜಕ್ಕನ ಕೋಣೆಯಲ್ಲಿ. ಮಂಚ ಎತ್ತಿ ನಿಲ್ಲಿಸಿದರು. ನೆಲದ ತೇವ ತಾಗದಂತೆ ಹಲಗೆ ಹಾಸಿದರು. ಮೂಟೆ ಗೋಡೆಗೆ ಅಂಟದಂತೆ, ಒಂದಕ್ಕೊಂದು ಒತ್ತದಂತೆ ಸಂದು ಬಿಟ್ಟು ಜೋಡಿಸಿದರು. ಕಿಟಕಿಗಳಿಗೆ ಕಬ್ಬಿಣದ ಕಂಬಿ ಇದ್ದುದರಿಂದ ಅವುಗಳ ಬಾಗಿಲನ್ನು ತೆರೆದೇ ಬಿಟ್ಟರು.

“ಕಾಫಿಗೆ ಗಾಳಿ ಬೇಕು” ಎಂದರು ಭಾವ. “ಮುಚ್ಚಿಟ್ರೆ ಬೂಷ್ಟು ಹಿಡ್ದುಬುಡ್ತೈತೆ. ಒಂದು ಮೂಟೆಗೆ ಹಿಡೀತು ಅಂದ್ರೆ ಪಕ್ಕದ್ದಕ್ಕೂ ಹಿಡೀತೈತೆ.”

ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದಾರೋ. ಒಂದರಿಂದ ಪಕ್ಕದ್ದಕ್ಕೆ ಹೋಗುತ್ತದೆ ಎಂಬುದು ಮೂಟೆಯ ವಿಷಯದಲ್ಲಿ ನಮ್ಮ ಮನೆಯ ಎಲ್ಲರಿಗೂ ಗೊತ್ತಿತ್ತು.

ಮನುಷ್ಯರು ಮಲಗುತ್ತಿದ್ದುದು ಬಚ್ಚಲಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ. ಹಂಡೆ ಒಲೆಯ ಕಾವಿಗೆ ಅದರ ಗೋಡೆ ಸದಾ ಬೆಚ್ಚಗಿರುತ್ತದೆ. ಇರುವುದು ಒಂದೇ ಪುಟ್ಟ ಕಿಟಕಿ. ಚಳಿಗಾಲ ಶುರುವಾದರೆ ಅತ್ತೆ ಅದನ್ನು ಮುಚ್ಚಿ, ಸಂದಿಗೆ ಗೋಣಿತಾಟು ತುರುಕಿಬಿಡುತ್ತಿದ್ದರು. ಅದರೊಳಗೆ ಅತ್ತೆ, ಗಿರಿಜಕ್ಕ, ಚಿನ್ನಿ, ನಾನು. ಭಾವನೂ ನನ್ನ ಗಂಡನೂ ಕಾವಲಿಗೆಂದು ಹಜಾರದಲ್ಲಿ ಮಲಗುತ್ತಿದ್ದರು. ಊಟ, ಮಾತು, ಬೆಂಕಿ ಕಾಯಿಸಿಕೊಳ್ಳುವುದು ಎಲ್ಲವೂ ಆ ಬೆಚ್ಚನೆ ಕೋಣೆಯಲ್ಲೇ.

ಚಿನ್ನಿಗೆ ಜ್ವರ ಏರಿದಾಗ ಹಾನುಬಾಳಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎದೆ ನೋಡಿ, “ವೈರಲ್ಲು. ಮಗುಗೆ ಏನೂ ಆಗಲ್ಲ, ವಾರದೊಳಗೆ ಕುಣೀತಾಳೆ” ಎಂದರು. ಆಮೇಲೆ, “ಮನೇಲಿ ವಯಸ್ಸಾದವರು, ದಮ್ಮಿನವರು ಯಾರಾದರೂ ಇದ್ದಾರಾ?” ಎಂದು ಕೇಳಿದರು. ಗಿರಿಜಕ್ಕನ ವಿಷಯ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ಅವರನ್ನ ಮಗು ಜೊತೆ ಮಲಗಿಸಬೇಡಿ. ಬೇರೆ ಕೋಣೆ ಕೊಡಿ, ಕಿಟಕಿ ತೆಗೆದಿಡಿ. ಇದು ಕೆಮ್ಮಿದಾಗ ಮಾತ್ರ ಬರೋದಲ್ಲ. ಮಾತಾಡಿದಾಗ, ಉಸಿರು ಬಿಟ್ಟಾಗಲೂ ಬರುತ್ತೆ, ಮುಚ್ಚಿದ ಕೋಣೆಯ ಗಾಳಿಯಲ್ಲಿ ಹಾಗೇ ತೇಲ್ತಿರುತ್ತೆ. ಎಲ್ಲರೂ ಅದನ್ನೇ ಉಸಿರಾಡ್ತೀರಿ. ಯಾರಿಗೆ ಬಂದಿದೆ ಅಂತ ಮೊದಲೇ ಗೊತ್ತಾಗಲ್ಲ, ಮೂಗು ಸೋರೋಕೆ ಮುಂಚೆಯೇ ಹಂಚೋಕೆ ಶುರುವಾಗಿರುತ್ತೆ. ಮಗುವನ್ನ ನೋಡ್ಕೊಳ್ಳೋರು ಮೂಗುಬಾಯಿ ಮುಚ್ಕೊಳ್ಳಿ. ತಟ್ಟೆ, ಟವೆಲ್ಲು ಬೇರೆ ಇಡಿ. ಬೇರೆ ಎಲ್ಲರಿಗೂ ಇದು ನೆಗಡಿ ಆಗಿ ಹೋಗಬಹುದು. ಅವರ ಎದೆಗೆ ಇಳಿದರೆ ಕಷ್ಟ.”

ನಾನು ಆಲೂರಿನಲ್ಲಿ ಪಿಯುಸಿವರೆಗೆ ಓದಿದವಳು, ದೊಡ್ಡ ತಿಳಿವಳಿಕೆಯೇನಿಲ್ಲ. ಆದರೆ ಅವರು ಹೇಳಿದ್ದು ಅರ್ಥವಾಗದಂಥದ್ದಾಗಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿಕೊಂಡೆ: ದೊಡ್ಡ ಕೋಣೆಯ ಮೂಟೆಗಳನ್ನು ಕಣದಲ್ಲಿ ಟಾರ್ಪಾಲಿನ ಕೆಳಗೆ ಇಟ್ಟರೆ ಅಕ್ಕನಿಗೆ ಅವಳದೇ ಕೋಣೆ ಸಿಗುತ್ತದೆ. ಇಷ್ಟೇ ಕೆಲಸ.

ಊಟಕ್ಕೆ ಕೂತಾಗ ಹೇಳಿದೆ. ಭಾವ ತಟ್ಟೆಯಿಂದ ಮುಖ ಎತ್ತಲಿಲ್ಲ.

“ಕಾಫಿ ಹೊರಗಿಟ್ಟು ಕಾಯೋರ್ಯಾರು? ಇನ್ನೊಂದು ವಾರ ತಡಿಯಮ್ಮ. ರೇಟು ಇನ್ನೂ ಏರ್ತೈತೆ ಅಂತಾರೆ. ಲೋಡು ಹೋದ್ರೆ ಕೋಣೆ ಖಾಲಿ ಆಗ್ತೈತೆ.”

“ಒಂದು ವಾರದೊಳಗೆ ಅಕ್ಕಂಗೆ ಬಂದ್ರೆ ಭಾವ?”

“ನೆಗಡಿಗೆ ಯಾರಾದ್ರೂ ಮನೆ ಖಾಲಿ ಮಾಡ್ತಾರೇನಮ್ಮ.”

ನಾನು ನನ್ನ ಗಂಡನ ಕಡೆ ನೋಡಿದೆ. ಅವರು ಸಾರು ಕಲಸುತ್ತಿದ್ದರು. ಆಮೇಲೆ ಒಬ್ಬರೇ ಸಿಕ್ಕಾಗ ಕೇಳಿದ್ದಕ್ಕೆ, “ಅಣ್ಣ ಹೇಳಿದ್ ಮೇಲೆ ನಾನೇನು ಹೇಳ್ಲಿ?” ಎಂದರು. ಅವರ ಇಡೀ ಜೀವನದ ಮಾತು ಅದು.

ಅತ್ತೆಯದು ಬೇರೆ ಕಾರಣ. ಕೊರೊನಾ ಬಂದ ಕಾಲದಲ್ಲಿ ಮಾವನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಮಾವ ಒಬ್ಬರೇ ಹೋದರು. ಮುಖ ನೋಡಲಿಲ್ಲ, ಮೈ ಮುಟ್ಟಲಿಲ್ಲ, ನಮ್ಮ ಜಾಗಕ್ಕೆ ತಂದು ಮಣ್ಣು ಮಾಡಲೂ ಆಗಲಿಲ್ಲ. ಅಂದಿನಿಂದ ‘ಬೇರೆ ಇಡುವುದು’ ಎಂಬ ಮಾತು ಕೇಳಿದರೆ ಅತ್ತೆಗೆ ಮೈಯೆಲ್ಲ ಉರಿಯುತ್ತದೆ.

“ಈ ಮನೇಲಿ ಒಬ್ರುನ್ನ ಬೇರೆ ಇಟ್ಟಿದ್ದು ಸಾಕು. ಸತ್ರೂ ಇನ್ನೊಬ್ರುನ್ನ ಇಡಲ್ಲ. ಅವ್ಳೇನು ಮುಟ್ಟಬಾರದ ರೋಗ ತಂದವ್ಳಾ? ಥಂಡಿ ಕಾಲದಲ್ಲಿ ಕಿಟಕಿ ತೆಗ್ದು ಒಬ್ಬಳನ್ನೇ ಮಲಗಿಸ್ತಾಳಂತೆ, ಓದಿದೋಳು.”

“ಅಕ್ಕಂಗೆ ರೋಗ ಐತೆ ಅಂತ ಅಲ್ಲ ಅತ್ತೆ. ಬರ್ದೇ ಇರ್ಲಿ ಅಂತ.”

“ಎಲ್ಲಾ ಒಂದೇ.”

ಎಲ್ಲಾ ಒಂದೇ ಅಲ್ಲ ಎಂದು ನಾನು ಹೇಗೆ ಹೇಳಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ. ಅತ್ತೆಯ ದುಃಖ ಸುಳ್ಳಲ್ಲ. ಅಂಥ ದುಃಖದ ಎದುರು ಕಿಟಕಿಯ ಮಾತಾಡಿದರೆ ನಾನು ಕಲ್ಲುಮನಸ್ಸಿನವಳಾಗಿ ಕಾಣುತ್ತಿದ್ದೆ.

ಬಾಯಲ್ಲಿ ಆಗದ್ದನ್ನು ಕೈಯಲ್ಲಿ ಮಾಡಲು ನೋಡಿದೆ. ಸಣ್ಣ ಕೋಣೆಯ ಕಿಟಕಿಯಿಂದ ಗೋಣಿತಾಟು ಕಿತ್ತು ಬಾಗಿಲು ತೆರೆದೆ. ನೀರು ಸೇದಿಕೊಂಡು ಬರುವಷ್ಟರಲ್ಲಿ ಅತ್ತೆ ಅದನ್ನು ಮತ್ತೆ ತುರುಕಿದ್ದರು. ಮತ್ತೆ ಕಿತ್ತೆ. ಮತ್ತೆ ತುರುಕಿದರು. ಹೊರಗೆ ಒಳ್ಳೆಯ ಬಿಸಿಲು, ಕಣದ ತುಂಬ ಗಾಳಿ. ಪಕ್ಕದ ಕೋಣೆಯಲ್ಲಿ ಮೂಟೆಗಳು ಸಂದು ಬಿಟ್ಟುಕೊಂಡು, ಎರಡು ಕಿಟಕಿಯ ಗಾಳಿಗೆ ಹಾಯಾಗಿ ಕೂತಿದ್ದವು.

ಚಿನ್ನಿಯ ಜ್ವರ ಬಿಡುವ ಹೊತ್ತಿಗೆ ಅತ್ತೆಗೆ ಶುರುವಾಯಿತು. ಮೊಮ್ಮಗಳಿಗೆ ತುತ್ತಿಟ್ಟು, ಅವಳು ಬಿಟ್ಟಿದ್ದನ್ನು ತಾವು ಉಂಡು, ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದವರು ಅವರೇ. ಆಮೇಲೆ ನನಗೆ. ಆಮೇಲೆ ಹಜಾರದಲ್ಲಿದ್ದ ಇಬ್ಬರಿಗೂ. ಒಬ್ಬರು ಎದ್ದರೆ ಒಬ್ಬರು ಮಲಗಿದರು. ಭಾವ ಹೇಳಿದ ವಾರ ಕಳೆದರೂ, ರೇಟು ಇನ್ನೂ ಏರಲಿ ಎಂದು ಲೋಡು ಹೋಗಲಿಲ್ಲ. ನೋಡುತ್ತಾ ಇದ್ದೆ, ರೋಗ ಒಂದೊಂದೇ ಹೆಜ್ಜೆ ಇಟ್ಟು ಅಕ್ಕನ ಕಡೆಗೆ ಬರುತ್ತಿತ್ತು. ನನಗೆ ಬಂದ ದಿನವೇ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಹಜಾರದ ಆಚೆಯ ಜಗುಲಿಯಲ್ಲಿ ಹಾಸಿಕೊಂಡೆ. ಭಾವ ನೋಡಿ, “ದರೋಡೆ ಮಾಡೋಳ ಥರ ಕಾಣ್ತೀಯ ಕಣಮ್ಮ. ಕಳ್ಳರು ನಿನ್ ನೋಡೇ ಓಡೋಗ್ತಾರೆ” ಎಂದರು. ಎಲ್ಲರೂ ನಕ್ಕರು, ನಗುತ್ತಾ ಕೆಮ್ಮಿದರು.

ನನಗೆ ಎಲ್ಲಕ್ಕಿಂತ ತಡೆಯಲಾರದ್ದು ಕಷಾಯದ ಸಂಗತಿ. ಮೆಣಸು, ಜೀರಿಗೆ, ದೊಡ್ಡಪತ್ರೆ ಹಾಕಿ ಗಿರಿಜಕ್ಕ ಕಾಯಿಸುವ ಕಷಾಯ ನಮ್ಮ ಮನೆಯಲ್ಲಿ ಔಷಧಿಗಿಂತ ಮೇಲು. “ಗಿರಿಜಂಗೆ ಬರದಂಗೆ ನೋಡ್ಕೊಳಿ” ಎಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದರು. ಹೇಳಿ, ತಾವೇ ಹೋಗಿ ಒಲೆಯ ಮುಂದೆ ಅವಳ ಮಗ್ಗುಲಲ್ಲಿ ಕೂತು, “ಒಂಚೂರು ಕಷಾಯ ಕಾಯ್ಸೆ ಮಾರಾಯ್ತಿ, ಗಂಟಲು ಹರಿದೋಗ್ತೈತೆ” ಎನ್ನುತ್ತಿದ್ದರು. ಭಾವನೂ ಹಾಗೆಯೇ. ನನ್ನ ಗಂಡನೂ ಹಾಗೆಯೇ. ಜ್ವರ ಬಂದ ಪ್ರತಿಯೊಬ್ಬರೂ ಆರೈಕೆಗೆ ಹೋಗಿದ್ದು, ಯಾರಿಂದ ದೂರ ಇರಬೇಕಿತ್ತೋ ಅವಳ ಹತ್ತಿರವೇ.

“ನೀನು ಮಾಡ್ಬೇಡ, ನಾನೇ ಕಾಯ್ಸಿ ಕೊಡ್ತೀನಿ” ಎಂದೆ.

“ನೀನು ಕಾಯ್ಸಿದ್ದು ಸಾರು ಆಗ್ತೈತೆ ಕಣೆ.”

“ತಮಾಷೆ ಬೇಡ ಅಕ್ಕ. ಡಾಕ್ಟರು ಹೇಳಿದ್ ಕೇಳಿದ್ಯಲ್ಲ. ಎಲ್ರೂ ನಿನ್ ಮುಖದ ಮೇಲೇ ಕೆಮ್ತಾವ್ರೆ. ದೂರ ಕೂತ್ಕೊಳಿ ಅಂತ ನೀನೇ ಹೇಳು.”

ಅವಳು ಒಲೆಗೆ ಸೌದೆ ತಳ್ಳಿದಳು. “ಹುಷಾರಿಲ್ದೆ ಬಂದೋರ್ನ ದೂರ ಕೂತ್ಕೊ ಅಂತ ಹೆಂಗೆ ಹೇಳ್ಲಿ ಸುಮಾ? ನಂಗೆ ಬಾಯೇ ಬರಲ್ಲ.”

ಅವಳ ಮೇಲೂ ನನಗೆ ಸಿಟ್ಟು ಇದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಇದೆ, ಏನು ಮಾಡಲಿ.

ಎಲ್ಲರೂ ಎದ್ದು ಓಡಾಡುವಂತಾದ ಮೇಲೆ, ಇನ್ನೇನು ತಪ್ಪಿಹೋಯಿತು ಎಂದುಕೊಳ್ಳುವಾಗ, ಅಕ್ಕನಿಗೆ ನೆಗಡಿ ಬಂತು. ಮೊದಲ ದಿನ ಕಣಕ್ಕೂ ಬಂದಳು. ಮಾರನೆಯ ದಿನ ಪಂಪು ಎಳೆದಷ್ಟೂ ಸಾಲದಾಯಿತು. ಎದೆಯಿಂದ ಸಿಳ್ಳಿನಂಥ ಸದ್ದು ಬರುತ್ತಿತ್ತು. ಅತ್ತೆ ಕೆಂಡದ ಬಾಂಡಲಿ ತಂದು ಹಾಸಿಗೆಯ ಪಕ್ಕ ಇಟ್ಟರು, ಬೆಚ್ಚಗಿರಲಿ ಎಂದು. ನಾನು ಬಾಂಡಲಿ ಎತ್ತಿ ಹೊರಗಿಟ್ಟು, ಹಾನುಬಾಳಿಗೆ ಫೋನು ಮಾಡಿ, ಬಾಡಿಗೆಗೆ ಓಡಿಸುವ ರಫೀಕಣ್ಣನ ಜೀಪು ತರಿಸಿದೆ. ಈ ಸಲ ಯಾರನ್ನೂ ಕೇಳಲಿಲ್ಲ.

ಜೀಪಿನ ಹಿಂದಿನ ಸೀಟಿನಲ್ಲಿ ಅಕ್ಕ ನಡುವೆ, ಅತ್ತೆಯೂ ನಾನೂ ಎರಡು ಕಡೆ. ಭಾವ ಮುಂದೆ ಕೂತರು. ಬೆಳಗಿನ ಮಂಜು ಇನ್ನೂ ಇತ್ತು. ಅತ್ತೆ ಜೀಪಿನ ಪಕ್ಕದ ರೆಕ್ಸಿನ್ ಪರದೆಗಳನ್ನು ಇಳಿಸಿ, ಗುಂಡಿ ಹಾಕಿ, ತಮ್ಮ ಶಾಲನ್ನು ಅಕ್ಕನ ತಲೆಗೆ ಹೊದಿಸಿದರು. ತಿರುವುಗಳಲ್ಲಿ ಅಕ್ಕನ ತಲೆ ನನ್ನ ಭುಜಕ್ಕೆ ಬಡಿಯುತ್ತಿತ್ತು. ಸಕಲೇಶಪುರ ಇನ್ನೂ ದೂರ ಇರುವಾಗ ಅವಳು ಶಾಲನ್ನು ಎಳೆದು ಬಿಸಾಡಿದಳು.

“ಅತ್ತೆ, ಪರದೆ ತೆಗೀರಿ.”

“ಥಂಡಿ ಹೊಡೀತೈತೆ ಕಣವ್ವ.”

“ತೆಗೀರಿ ಅತ್ತೆ. ಗಾಳಿ ಬೇಕು ನಂಗೆ.”

ಅತ್ತೆ ಗುಂಡಿಗೆ ಕೈ ಹಾಕಿದರು, ಬಿಚ್ಚಲು ಬರಲಿಲ್ಲ. ನಾನು ಬಿಚ್ಚಿದೆ. ಗಾಳಿ ಒಳಗೆ ನುಗ್ಗಿತು. ಅಕ್ಕ ಬಾಯಿ ತೆರೆದು ಅದನ್ನು ಎಳೆದುಕೊಂಡಳು. ಭಾವ ಮುಂದಿನಿಂದ ತಿರುಗಿ ಒಮ್ಮೆ ನೋಡಿ, ಮತ್ತೆ ರಸ್ತೆಯ ಕಡೆ ಮುಖ ಮಾಡಿದರು.

ಸಕಲೇಶಪುರದಿಂದ ಹಾಸನಕ್ಕೆ ಕಳಿಸಿದರು. ಅಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿದರು. ಈ ಸಲ ಅತ್ತೆ ಒಳಗೆ ಹೋಗಿ ಕೂರಬಹುದಿತ್ತು, ಕೈ ಹಿಡಿಯಬಹುದಿತ್ತು. ಹಿಡಿದುಕೊಂಡೇ ಇದ್ದರು. ನ್ಯುಮೋನಿಯಾ ಎರಡೂ ಕಡೆ ಇಳಿದಿತ್ತು. ಕೊಯ್ಲು ಮುಗಿಯುವ ಮೊದಲೇ ಗಿರಿಜಕ್ಕ ಹೋದಳು.

ಮಣ್ಣಿಗೆ ಬಂದವರು, ಆಮೇಲೆ ಮಾತಾಡಿಸಲು ಬಂದವರು, ಎಲ್ಲರೂ ಒಂದೇ ಮಾತು ಹೇಳಿದರು: “ಥಂಡಿ ತಗುಲಿ ಹೋಗ್ಬುಟ್ಳಂತೆ ಪಾಪ.” ಆ ಪದ ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದೆ. ನಮ್ಮ ಕಡೆ ಹವೆಗೂ ಥಂಡಿ ಎನ್ನುತ್ತೇವೆ, ನೆಗಡಿಗೂ ಥಂಡಿ ಎನ್ನುತ್ತೇವೆ. ಹವೆಯಿಂದ ಬಂತು ಎಂದಮೇಲೆ ಯಾರೂ ಏನೂ ಮಾಡುವಂತಿರಲಿಲ್ಲ ಎಂದಾಗುತ್ತದೆ. ಥಂಡಿ ಹೊರಗಿತ್ತು, ಅವಳಿಗೆ ಬೇಕಾಗಿದ್ದ ಗಾಳಿಯೂ ಹೊರಗೇ ಇತ್ತು. ರೋಗ ಒಳಗಿತ್ತು, ನಮ್ಮ ಉಸಿರಿನಲ್ಲಿ. ನಾವು ಅವಳನ್ನು ನಮ್ಮ ಜೊತೆ ಬೆಚ್ಚಗೆ ಕೂಡಿಹಾಕಿದೆವು. ಇದನ್ನು ಒಂದು ಸಲ ಗಟ್ಟಿಯಾಗಿ ಹೇಳಿದೆ. ಬಂದಿದ್ದ ಹೆಂಗಸೊಬ್ಬಳು ನನ್ನ ಬೆನ್ನು ಸವರಿ, “ಅವ್ಳ ಆಯಸ್ಸು ಅಷ್ಟೇ ಕಣವ್ವ, ಮನಸ್ಸಿಗೆ ಹಚ್ಕೋಬೇಡ” ಎಂದಳು. ಅವಳ ಕೈಯನ್ನು ತಳ್ಳಿಬಿಡಬೇಕು ಎನಿಸಿತು. ತಳ್ಳಲಿಲ್ಲ.

ಅಕ್ಕನ ಹೆಸರಲ್ಲಿ ಊಟ ಹಾಕುವ ಶಿವಗಣಾರಾಧನೆಯ ದಿನ ಬಂತು. ಜನ ಬರುತ್ತಾರೆ, ಕೂರಿಸಲು ಜಾಗ ಸಾಲದು ಎಂದು ಮಾತಾಯಿತು. ಬೆಳಿಗ್ಗೆ ಕಾಫಿ ಕುಡಿದು ಅಣ್ಣತಮ್ಮಂದಿರು ದೊಡ್ಡ ಕೋಣೆಗೆ ಹೋದರು. ಮೂಟೆಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹಾಕಿಕೊಂಡು ಕಣಕ್ಕೆ ಸಾಗಿಸಿ, ಟಾರ್ಪಾಲು ಮುಚ್ಚಿ, ಸುತ್ತ ಹಗ್ಗ ಬಿಗಿದರು. ಅಡುಗೆಯವರ ಒಲೆ ಹತ್ತಿಕೊಳ್ಳುವ ಮೊದಲೇ ಕೋಣೆ ಖಾಲಿಯಾಗಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಇಷ್ಟೇ ಕೆಲಸ ಎಂದು ನಾನು ಬಸ್ಸಿನಲ್ಲಿ ಅಂದುಕೊಂಡಿದ್ದೆ. ಇಷ್ಟೇ ಆಗಿತ್ತು. ಬಂದವರು ಆ ಕೋಣೆಯಲ್ಲಿ ಜಮಖಾನೆಯ ಮೇಲೆ ಕೂತು ಊಟ ಮಾಡಿದರು. ಕಾಫಿ ಆಮೇಲೂ ಕಣದಲ್ಲೇ ಇತ್ತು. ಲಾರಿ ಬಂದು ಲೋಡು ಹೋಗುವವರೆಗೂ ಒಂದು ಕಾಳನ್ನೂ ಯಾರೂ ಮುಟ್ಟಲಿಲ್ಲ.

ಈ ವರ್ಷ ಭಾವ ಕಣದ ಪಕ್ಕ ಕಾಫಿಗೆಂದೇ ಒಂದು ಸ್ಟೋರ್ ಕಟ್ಟಿಸಿದ್ದಾರೆ. ಕಬ್ಬಿಣದ ಬಾಗಿಲು, ಮೇಲೆ ಶೀಟು, ಗೋಡೆಯ ತುದಿಯಲ್ಲಿ ಗಾಳಿಗೆ ಕಿಂಡಿಗಳು. ದೊಡ್ಡ ಕೋಣೆ ಖಾಲಿ ಇದೆ. ಹೋದ ತಿಂಗಳು ಚಿನ್ನಿ ಮತ್ತೆ ಶಾಲೆಯಿಂದ ನೆಗಡಿ ತಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸಣ್ಣ ಕೋಣೆಯ ಗೋಣಿತಾಟು ಕಿತ್ತು ಹೊರಗೆ ಹಾಕಿದರು. ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡು, “ದೂರ ಕೂತ್ಕೊಂಡು ಉಣ್ಣು ನನ್ನವ್ವ” ಎಂದು ಮೊಮ್ಮಗಳಿಗೆ ಬೇರೆ ತಟ್ಟೆ ಇಟ್ಟರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಚಿನ್ನಿಯೂ ನಾನೂ ದೊಡ್ಡ ಕೋಣೆಯಲ್ಲಿ ಕಿಟಕಿ ತೆರೆದು, ಎರಡೆರಡು ಕಂಬಳಿ ಹೊದ್ದು ಮಲಗಿದೆವು. ಚಳಿಯಿತ್ತು. ಚಳಿಗೆ ಯಾರಿಗೂ ಏನೂ ಆಗಲಿಲ್ಲ. ನನಗೆ ಎರಡು ದಿನ ಗಂಟಲು ಕೆರೆಯಿತು, ಮನೆಯಲ್ಲಿ ಬೇರೆ ಯಾರಿಗೂ ಹರಡಲಿಲ್ಲ.

ಇದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಿದ್ದು ಬೇರೆಯೇ. ಹರಡುವುದು ಖಂಡಿತ ನಿಲ್ಲುತ್ತದೆ ಎಂದು ಯಾರೂ ಬರೆದುಕೊಡಲಾರರು, ಅದು ನನಗೂ ಗೊತ್ತು. ಹೋದ ವರ್ಷ ಇಷ್ಟು ಮಾಡಿದ್ದರೂ ಅಕ್ಕನಿಗೆ ಬರುತ್ತಿತ್ತೋ ಏನೋ. ಆದರೆ ಅವಳಿಗೆ ಬಾರದಿರಲು ಒಂದು ದಾರಿ ಇತ್ತು, ಅದನ್ನು ಮೂಟೆ ಇಟ್ಟು ಮುಚ್ಚಿದ್ದೆವು. ಈಗ ಎಲ್ಲರೂ ನಾನು ಹೇಳಿದಂತೆ ಮಾಡುತ್ತಾರೆ. ಈಗ ಯಾಕೆ ಎಂದು ಕಿರುಚಬೇಕು ಎನಿಸುತ್ತದೆ.

ಮೊನ್ನೆ ನಾನು ಗುಡಿಸುತ್ತಿದ್ದಾಗ ಭಾವ ಬಾಗಿಲಿಗೆ ಬಂದು ನಿಂತರು. ಅಕ್ಕ ಹೋದ ಮೇಲೆ ಅವರು ಈ ಕೋಣೆಯಲ್ಲಿ ಮಲಗುವುದಿಲ್ಲ, ಹಜಾರದಲ್ಲೇ ಉಳಿದುಬಿಟ್ಟಿದ್ದಾರೆ. ಎತ್ತಿ ನಿಲ್ಲಿಸಿದ ಮಂಚವನ್ನು ಇನ್ನೂ ಇಳಿಸಿಲ್ಲ. ಅವರು ಒಂದು ಕಿಟಕಿ ನೋಡಿದರು, ಇನ್ನೊಂದು ನೋಡಿದರು.

“ಇಲ್ಲಿ ಗಾಳಿ ಚೆನ್ನಾಗಿ ಬರ್ತೈತೆ” ಎಂದರು.

ನಾನು ಗುಡಿಸುವುದನ್ನು ನಿಲ್ಲಿಸಲಿಲ್ಲ. ಅವರು ಕಣದ ಕಡೆ ಹೊರಟರು.

ಭಾವ ಹೇಳಿದ್ದು ನಿಜ. ಈ ಕೋಣೆಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ಗಿರಿಜಕ್ಕ ಇಲ್ಲ.